ಕಾಕಾ ಮರೆತರೆನ್ನಲಾದ ಹೆಸರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗೌರವಕ್ಕಲ್ಲ, ಅವರ ಮನೆಯವರು ಬೇಜಾರಾದಾರೆಂಬ ಅಂಜಿಕೆಗೂ ಅಲ್ಲ. ಒಬ್ಬರ ಹೆಸರು ಕೆಡಿಸಿದವಳು ಅದೇ ಹೆಸರು ಹೇಳಿಕೊಂಡು ಲೇಖನ ಬರೆದು ಮೆರೆಯಬಾರದು, ಅಷ್ಟೇ. ಗೋಕಾಕ ಫಾಲ್ಸಿನಿಂದ ಹಿಡಿದು ಮೂಡಲಗಿ, ಹುಕ್ಕೇರಿಯವರೆಗೆ ಮದುವೆ ಮಾಡಿದ ಯಾವ ಮನೆಯಲ್ಲಿ ಕೇಳಿದರೂ 'ಹಂದರದ ಕಾಕಾ' ಎಂದರೆ ಸಾಕು, ಗುರುತು ಸಿಗುತ್ತದೆ. ಈಚೆಗೆ ಆ ಗುರುತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಹ್ಞಾ, ಮಾವನ ಹೆಸರ ಮರತಾವ ಅಲ್ಲೇನು?" ನಾನು ಬರೆಯುತ್ತಿರುವುದು ಆ ಎರಡನೆಯ ಮಾತಿನ ಸಲುವಾಗಿ.

ನಾನೀಗ ಗೋಕಾಕದ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಮದುವೆ ನಿರ್ವಹಣೆ ಕಲಿಸುತ್ತೇನೆ. ಮೂರು ತಿಂಗಳ ಕೋರ್ಸು. ಮೊದಲ ದಿನ ಎಲ್ಲ ಬ್ಯಾಚಿನವರೂ ಕೇಳುವ ಪ್ರಶ್ನೆ ಒಂದೇ: "ಮೇಡಂ, ಈ ಲೈನಿಗೆ ಬರಾಕ ಏನ ಕಲೀಬೇಕ್ರಿ?" ನನ್ನ ಉತ್ತರ ಬಾಯಿಪಾಠವಾಗಿದೆ. ಬೆಳಗಾವಿ, ಹುಬ್ಬಳ್ಳಿ ಕಡೆ ಡಿಪ್ಲೊಮಾ ಇದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದರೂ ನಡೆಯುತ್ತದೆ. ಊರು ಬಿಡಲಾಗದವರಿಗೆ ಆನ್‌ಲೈನ್ ಸರ್ಟಿಫಿಕೇಟು. ಅದೂ ಆಗದಿದ್ದರೆ ಅಡುಗೆಯವರ ಬಳಿಯೋ ಡೆಕೋರೇಷನ್‌ನವರ ಬಳಿಯೋ ಒಂದು ಸೀಸನ್ ದುಡಿಯಬಹುದು. ನಾಲ್ಕು ದಾರಿ ಹೇಳಿ ಬೋರ್ಡ್ ಒರೆಸುತ್ತೇನೆ. ನಾನು ಖರೇ ಕಲಿತದ್ದು ಐದನೆಯ ದಾರಿಯಲ್ಲಿ. ಅದನ್ನು ಎರಡು ಬ್ಯಾಚಿಗೆ ಹೇಳಲೇ ಇಲ್ಲ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಬಹುಮಾನದ ಕಪ್ಪು ಮಾತ್ರ ನನ್ನದೇ. ಎದುರಾಳಿಯ ವಾದದಲ್ಲಿ ಸಡಿಲ ಇಟ್ಟಂಗಿ ಯಾವುದೆಂದು ಹುಡುಕಿ ಅದನ್ನೊಂದೇ ಎಳೆಯಬೇಕು, ಗೋಡೆ ತಾನಾಗಿ ಬೀಳುತ್ತದೆ ಎಂದು ನಮ್ಮ ಸರ್ ಕಲಿಸಿದ್ದರು. ಮನೆಯಲ್ಲೂ ಬಸ್ಸಿನಲ್ಲೂ ಅದೇ ಮಾಡುತ್ತಿದ್ದೆ. ಡಿಗ್ರಿ ಮುಗಿಸಿ ಬೆಳಗಾವಿಯಲ್ಲಿ ಮದುವೆ-ಸಮಾರಂಭಗಳ ಡಿಪ್ಲೊಮಾಕ್ಕೆ ಸೇರಿದೆ. ಕೊನೆಯ ಎರಡು ತಿಂಗಳು ಯಾರಾದರೂ ಅನುಭವಸ್ಥರ ಕೈಕೆಳಗೆ ಕೆಲಸ ಮಾಡಿ, ಅವರ ಸಹಿಯ ಕಾಗದ ತರಬೇಕಿತ್ತು. ಜೊತೆಯವರು ಗೋವಾ, ಪುಣೆ ಎಂದು ಹೋದರು. ನಮ್ಮಪ್ಪ, "ಫಾಲ್ಸಿನ್ಯಾಗ ಕಾಕಾ ಇರೂವಾಗ ಗೋವಾ ಯಾಕ? ಅಲ್ಲೇನ ಸಮುದ್ರದಾಗ ಅಕ್ಷತಿ ಹಾಕತಾರನು?" ಎಂದರು. ಈ ವಾದಕ್ಕೆ ನನ್ನ ಬಳಿ ಉತ್ತರವಿತ್ತು, ಬಸ್ ಚಾರ್ಜು ಇರಲಿಲ್ಲ.

ಕಾಕಾ ಮೊದಲಿಗೆ ಗಿರಣಿಯಲ್ಲಿ ನೂಲು ತೆಗೆಯುವ ಖಾತೆಯಲ್ಲಿದ್ದವರು. ಯಂತ್ರಗಳ ಸಪ್ಪಳದಲ್ಲಿ ಬಾಜೂದವನ ಮಾತೂ ಕೇಳುವುದಿಲ್ಲವಾದ್ದರಿಂದ ಅಲ್ಲಿಯವರೆಲ್ಲ ಕೈಯಿಂದ ಮಾತಾಡುತ್ತಿದ್ದರಂತೆ. ನಿವೃತ್ತಿಗಿಂತ ಮೊದಲೇ ಅವರು ಮದುವೆಗಳಿಗೆ ಮುಂದೆ ನಿಲ್ಲತೊಡಗಿದ್ದರು. ಗಿರಣಿ ಬಿಟ್ಟರೂ ಕೈಯ ಭಾಷೆ ಬಿಡಲಿಲ್ಲ. ಸಾವಿರ ಮಂದಿ ಗದ್ದಲದ ನಡುವೆ ಕಲ್ಯಾಣ ಮಂಟಪದ ಈ ತುದಿಯಿಂದ ಆ ತುದಿಗೆ ಸನ್ನೆ ಹೋಗುತ್ತಿತ್ತು. ಎರಡು ಬೆರಳು ಗಂಟಲಿಗೆ ಮುಟ್ಟಿಸಿದರೆ ಪಂಕ್ತಿಯಲ್ಲಿ ನೀರು ಮುಗಿದಿದೆ ಎಂದು. ಮೊಣಕೈ ತಟ್ಟಿದರೆ ಬೀಗರು ಬಂದರು ಎಂದು. ಅಂಗೈಯನ್ನು ಅಡ್ಡ ಮಾಡಿ ಗಾಳಿಯನ್ನು ಒತ್ತಿದಂತೆ ಮೆಲ್ಲಗೆ ಕೆಳಗಿಳಿಸಿದರೆ, 'ಸುಮ್ನ ಕುಂದ್ರು, ನಾ ನೋಡ್ಕೋತೀನಿ.' ನನಗೆ ಅತಿ ಹೆಚ್ಚು ಸಿಕ್ಕಿದ್ದು ಈ ಕೊನೆಯ ಸನ್ನೆ. ನಾನು ಒಮ್ಮೆಯೂ ಅದನ್ನು ಪಾಲಿಸಿರಲಿಲ್ಲ.

ಮೊದಲ ಮದುವೆಯಲ್ಲಿ ನನ್ನನ್ನು ಬಾಗಿಲ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂರಿಸಿದರು. ಡಿಪ್ಲೊಮಾದವಳನ್ನು ಚಪ್ಪಲಿ ಕಾಯಲು! ಕುದ್ದುಹೋದೆ.

"ಕಾಕಾ, ಇದ್ರಾಗ ಕಲಿಯೂದ ಏನೈತ್ರಿ?"

"ಸಿಟ್ಟಾದಾವ ಬಾಯಿ ತಗಿಯೂದಿಲ್ಲ ಯವ್ವಾ. ಮೊದಲ ಚಪ್ಪಲಿ ಹುಡುಕತಾನ. ಊಟದಕಿಂತ ಮೊದಲ ಯಾವನರ ಚಪ್ಪಲಿ ಹಾಕ್ಕೊಂಡಂದ್ರ ಬಂದು ನನಗ ಹೇಳು. ಮದುವಿ ಕೆಡೂದು ವ್ಯಾದಿಕಿ ಮ್ಯಾಲಲ್ಲ, ಇಲ್ಲಿ."

ಅಂದು ಮಧ್ಯಾಹ್ನ ಒಬ್ಬ ಅಜ್ಜ ಚಪ್ಪಲಿ ಹುಡುಕತೊಡಗಿದರು. ಓಡಿ ಹೋಗಿ ಹೇಳಿದೆ. ಕಾಕಾ ಬಂದು ಅವರ ಕಿವಿಯಲ್ಲಿ ಏನೋ ಅಂದರು, ಅಜ್ಜ ನಕ್ಕು ಒಳಗೆ ನಡೆದರು. ಅವರಿಗೆ ಹಲ್ಲಿರಲಿಲ್ಲವಂತೆ, ಪಂಕ್ತಿಯಲ್ಲಿ ಯಾರೂ ರೊಟ್ಟಿ ಮೆತ್ತಗೆ ಮಾಡಿ ಕೊಡಲಿಲ್ಲವಂತೆ. ಇದು ನನ್ನ ಡಿಪ್ಲೊಮಾದ ಯಾವ ಅಧ್ಯಾಯದಲ್ಲೂ ಇರಲಿಲ್ಲ. ಆದರೂ ಒಪ್ಪಿಕೊಳ್ಳಲಿಲ್ಲ. "ಒಂದ ಉದಾಹರಣಿಯಿಂದ ನಿಯಮಾ ಆಗಂಗಿಲ್ರಿ" ಎಂದೆ. ಕಾಕಾ ಬಾಯ್ತುಂಬ ನಕ್ಕು, "ಆತ್ರಿ ವಕೀಲ್ರ" ಎಂದರು. ಅಂದಿನಿಂದ ನಾನು ವಕೀಲ್ರ.

ಅವರಲ್ಲಿ ನನಗೆ ನಿಜಕ್ಕೂ ಬೆರಗೆನಿಸಿದ್ದು ಹೆಸರುಗಳು. ಅವರು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ನಮ್ಮ ಕಡೆ ಅಕ್ಷತೆಗಿಂತ ಮೊದಲು ಬಳಗದ ಹಿರಿಯರನ್ನು ಒಬ್ಬೊಬ್ಬರಾಗಿ ಮೈಕಿನಲ್ಲಿ ಕರೆದು, ತಲೆಗೆ ಪಟಗಾ ಸುತ್ತಿ, ಶಾಲು ಹೊದಿಸಿ, ಕಾಯಿ ಕೊಡುತ್ತಾರೆ. ಇದಕ್ಕೆ 'ಮಾನ' ಅನ್ನುತ್ತೇವೆ. ಯಾರ ಹಿಂದೆ ಯಾರು ಎಂಬುದರಲ್ಲೇ ಮದುವೆಯ ಅರ್ಧ ಜೀವ ಇರುತ್ತದೆ. ಕಾಕಾ ಹಿಂದಿನ ದಿನ ಮನೆಯವರ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತು, ಆ ಊರಿನ ಓಣಿ ಹಿಡಿದು ಮನಸ್ಸಿನಲ್ಲೇ ನಡೆಯುತ್ತಿದ್ದರು. "ಈಗ ಬಾಂವಿ ಬಂತು... ಎಡಕ್ಕ ದೊಡ್ಡವ್ವನ ಮನಿ, ಅಕಿ ಮಗಾ ಒಬ್ಬ... ಅವಂಗೂ ಬಾಜೂದವಂಗೂ ಮಾತಿಲ್ಲ, ನಡುವ ಒಬ್ಬನ್ನ ಹಾಕಬೇಕು..." ಓಣಿ ಮುಗಿದರೆ ಪಟ್ಟಿ ಮುಗಿಯಿತು. ಈ ಓಣಿ ಯಾವಾಗಲೂ ಒಂದೇ ಮನೆಯಿಂದ ಶುರುವಾಗುತ್ತಿತ್ತು: ಸೋದರಮಾವನ ಮನೆ. ಅದು ಬೇರೆ ಊರಲ್ಲಿದ್ದರೂ ಅಲ್ಲಿಂದಲೇ.

ಇನ್ನು ಹುಕ್ಕೇರಿಯ ಮದುವೆ.

ಹೆಣ್ಣಿನವರು ಹುಕ್ಕೇರಿ, ಗಂಡಿನವರು ಮೂಡಲಗಿ. ನನ್ನ ಎರಡು ತಿಂಗಳಿನ ಕೊನೆಯ ಮದುವೆ. ಬೆಳಗಾವಿಯಲ್ಲಿ ಕಲಿತದ್ದನ್ನು ಒಮ್ಮೆಯಾದರೂ ಮಾಡಿ ತೋರಿಸಬೇಕೆಂಬ ಹಟ ನನಗೆ. ಮಾನದ ಪಟ್ಟಿ ನಾನೇ ಮಾಡುತ್ತೇನೆಂದೆ. ಎಲ್ಲರಿಗೂ ವಾಟ್ಸಾಪಿನಲ್ಲಿ ಚೆಂದದ ಆಮಂತ್ರಣ, ಕೆಳಗೆ 'ಬರುತ್ತೇನೆ' ಎಂಬ ಗುಂಡಿ. ಒತ್ತಿದವರ ಹೆಸರು ತಾನಾಗಿ ಪಟ್ಟಿ ಸೇರುತ್ತದೆ. ಹೆಣ್ಣಿನ ತಂದೆ ಅನುಮಾನಿಸಿದರು: "ಕಾಕಾ ಬಾಯಿಲೇ ಹೇಳ್ತಾನಲ್ಲವಾ, ಮತ್ತ ಯಾಕ ಇದು?"

ಸಡಿಲ ಇಟ್ಟಂಗಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಕಾಕಾ ಅಲ್ಲೇ ಕುಳಿತು ಚಹಾ ಬಸಿಗೆ ಹಾಕಿಕೊಳ್ಳುತ್ತಿದ್ದಾಗಲೇ ಹೇಳಿದೆ: "ಕಾಕಾಗ ಎಪ್ಪತ್ತಾತ್ರಿ. ನೆನಪಿನ ಮ್ಯಾಲ ಎಷ್ಟ ದಿವಸ ನಡೀತೈತಿ? ನಾಳೆ ಒಂದ ಹೆಸರ ಮರತ್ರು ಅಂದ್ರ ಬೀಗರ ಮುಂದ ಯಾರ ಮಾರಿ ಸಣ್ಣದಾಗತೈತಿ, ಕಾಕಾನ ಮಾರಿನೋ ನಿಮ್ಮ ಮಾರಿನೋ?"

ತಂದೆ ಕಾಕಾನ ಮುಖ ನೋಡಿದರು. ಆ ನೋಟದಲ್ಲಿ ಅದುವರೆಗೆ ಇಲ್ಲದ ಒಂದು ಲೆಕ್ಕಾಚಾರವಿತ್ತು. ಕಾಕಾ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, "ಹೌದ್ರಿ, ಹುಡುಗಿ ಖರೇನ ಹೇಳತೈತಿ. ಆಕಿನ ಮಾಡ್ಲಿ" ಎಂದರು. ಬಹುಮಾನದ ಕಪ್ಪು ಗೆದ್ದಂತೆ ಎದೆಯುಬ್ಬಿತು ನನಗೆ.

ಮದುವೆಯ ಹಿಂದಿನ ಸಂಜೆ ಅವರು ಕಟ್ಟೆಯ ಮೇಲೆ ನನ್ನನ್ನು ಕರೆದು, "ಮಾವನ ಹೆಸರು ಮೊದಲ ಐತಿಲ್ಲ?" ಎಂದು ಕೇಳಿದರು. ನಾನು ಹೂವಿನವರೊಡನೆ ಫೋನಿನಲ್ಲಿದ್ದೆ. "ಲಿಸ್ಟ್ ಲಾಕ್ ಆಗೈತ್ರಿ ಕಾಕಾ, ಎಲ್ಲಾ ಐತಿ" ಎಂದೆ. ನೋಡದೆಯೇ ಅಂದೆ.

ಹೆಣ್ಣಿನ ಸೋದರಮಾವ ಹಿಡಕಲ್ ಡ್ಯಾಮಿನಲ್ಲಿ ನೀರಾವರಿ ಇಲಾಖೆಯ ಕೆಲಸ ಮಾಡಿ ನಿವೃತ್ತರಾದವರು. ತಂಗಿಯ ಮಗಳ ಮದುವೆಗೆ ವಾರ ಮೊದಲೇ ಬಂದು ಹಂದರದ ಕಂಬ ನೆಟ್ಟಿದ್ದರು. ನನ್ನ ವಾಟ್ಸಾಪ್ ಅವರಿಗೂ ಹೋಗಿತ್ತು. 'ಬರುತ್ತೀರಾ?' ಎಂದು ಸೋದರಮಾವನನ್ನು ಕೇಳುವುದೇ ಒಂದು ಅವಮಾನವೆಂದು ನನಗೆ ಹೊಳೆದಿರಲಿಲ್ಲ. ಅವರು ಗುಂಡಿ ಒತ್ತಲಿಲ್ಲ. ಯಾಕೆ ಒತ್ತಬೇಕು? ಅಕ್ಷತೆಯ ಹೊತ್ತಿಗೆ ಹುಡುಗಿಯ ಬೆನ್ನಿಗೆ ನಿಲ್ಲುವವರೇ ಅವರು. ಹೀಗೆ, ಬಂದೇ ಬಿಟ್ಟಿದ್ದ ಮನುಷ್ಯ ಬರುವವರ ಪಟ್ಟಿಯಿಂದ ಬಿದ್ದುಹೋದರು.

ಮೈಕಿನಲ್ಲಿ ಹೆಸರು ಓದಿದವಳು ನಾನು. ಮೂಡಲಗಿಯ ಬೀಗರ ಗೆಳೆಯರು, ಸೊಸೈಟಿಯ ಅಧ್ಯಕ್ಷರು, ಹುಡುಗನ ಆಫೀಸಿನ ಸಾಹೇಬರು. ಪಟಗಾ ಸುತ್ತುವವನ ಕೈಗೆ ಬಿಡುವಿರಲಿಲ್ಲ. ಕೊನೆಯ ಹೆಸರು ಓದಿ "ಇಲ್ಲಿಗೆ ಮಾನದ ಕಾರ್ಯಕ್ರಮ ಮುಗೀತು" ಎಂದು ಸ್ಪಷ್ಟ ಉಚ್ಚಾರದಲ್ಲಿ ಹೇಳಿದೆ. ಮುಂದಿನ ಸಾಲಿನಲ್ಲಿ ಹೊಸ ಧೋತರ ಉಟ್ಟು ಕುಳಿತಿದ್ದ ಮಾವ ಎದ್ದು ಮೆಲ್ಲಗೆ ಬಾಗಿಲ ಕಡೆ ನಡೆದದ್ದನ್ನು ನಾನು ನೋಡಿದೆ. ಕೈ ತೊಳೆಯಲು ಹೊರಟರೆಂದುಕೊಂಡೆ.

ಕಾಕಾ ಅಡುಗೆಯವರ ಬಳಿಯಿಂದ ಬಂದು ಚಪ್ಪಲಿಯ ಜಾಗ ನೋಡಿದರಂತೆ. ಮಾವನ ಚಪ್ಪಲಿ ಇಲ್ಲದ್ದು ಕಂಡವರೇ ನನ್ನತ್ತ ಬಂದರು. "ಗಾಡಿ ತಗಿ" ಎಂದರು, ಬೇರೇನೂ ಹೇಳಲಿಲ್ಲ. ನನ್ನ ಸ್ಕೂಟಿಯ ಹಿಂದೆ ಕುಳಿತರು. ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಮಾವ ಕಿಟಕಿಯ ಬದಿ ಕುಳಿತು ನೇರ ಮುಂದೆ ನೋಡುತ್ತಿದ್ದರು. ಕಾಕಾ ಬಸ್ಸು ಹತ್ತಿದರು, ಹಿಂದೆ ನಾನು.

"ಇಳೀರಿ ಮಾಮಾ. ಹುಡುಗಿ ಬೆನ್ನಿಗೆ ಯಾರೂ ಇಲ್ಲ."

"ಲಿಸ್ಟಿನ್ಯಾಗ ಅದಾರಲ್ಲ, ಅವರನ್ನ ನಿಂದ್ರಸು."

"ತಪ್ಪಾತ್ರಿ."

"ಯಾರ ತಪ್ಪು?" ಮಾವ ಮೊದಲ ಸಲ ತಿರುಗಿದರು. ಕಾಕಾನನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಕೈಯಲ್ಲಿ ಆ ಪಟ್ಟಿ ಇನ್ನೂ ಇತ್ತು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಸ್ವಲ್ಪ ಹೊತ್ತು ನನಗಾಗಿ ಬಿಟ್ಟದ್ದೆಂದು ಈಗ ಗೊತ್ತಾಗುತ್ತದೆ.

"ನಂದು," ಎಂದರು ಕಾಕಾ. "ಹೆಸರ ಬರಿಸಿದಾವ ನಾನು. ವಯಸ್ಸಾತ್ರಿ, ಮರತೆ."

"ಹಂಗಾರ ಮಂದಿ ಮುಂದ ಹೇಳು. ಮೈಕಿನ್ಯಾಗ ಬಿಟ್ಟಿದ್ದು ಮೈಕಿನ್ಯಾಗ ಆಗ್ಲಿ."

ಕಂಡಕ್ಟರ್ ಸೀಟಿ ಊದದೆ ಕಾದ. ಮೂವರೂ ಇಳಿದೆವು.

ಮಂಟಪದಲ್ಲಿ ಕಾಕಾ ಮೈಕು ಹಿಡಿದರು. ಮಾವ ವೇದಿಕೆಯ ಮೆಟ್ಟಿಲ ಬಳಿ ನಿಂತರು. ನಾನು ಇನ್ನೊಂದು ಬದಿಗೆ. ಕಾಕಾ ನನ್ನತ್ತ ನೋಡಿದರು. ಬಲಗೈಯಲ್ಲಿ ಮೈಕು, ಎಡಗೈಯ ಅಂಗೈ ಅಡ್ಡವಾಗಿ ಗಾಳಿಯನ್ನು ಒತ್ತುತ್ತಾ ಮೆಲ್ಲಗೆ ಕೆಳಗಿಳಿಯಿತು. ಸುಮ್ನ ಕುಂದ್ರು, ನಾ ನೋಡ್ಕೋತೀನಿ.

ನಾನು ಕುಳಿತೆ. ಎರಡು ತಿಂಗಳಲ್ಲಿ ಮೊದಲ ಸಲ ಅವರ ಮಾತು ಕೇಳಿದೆ.

"ಹಿರಿಯಾರ ಕ್ಷಮಾ ಮಾಡ್ರಿ," ಎಂದರು. "ಹುಡುಗಿಯ ಸೋದರಮಾವನ ಹೆಸರು ನಾ ಮರತೆ. ವಯಸ್ಸಾಗೇತಿ, ನೆನಪ ಹಾರತೈತಿ." ಜನ ಗುಜುಗುಜು ಎಂದರು. ಹಿಂದಿನಿಂದ ಯಾರೋ, "ಕಾಕಾ, ನಿನ್ನ ಹೆಸರರ ನೆನಪೈತೋ ಇಲ್ಲೋ?" ಎಂದು ಕೂಗಿದ. ನಗೆ ಎದ್ದಿತು. ಕಾಕಾ ಕೂಡ ನಕ್ಕರು. ತಮ್ಮ ಕೈಯಾರೆ ಮಾವನಿಗೆ ಪಟಗಾ ಸುತ್ತಿದರು. ಅಕ್ಷತೆ ಬಿತ್ತು. ಮದುವೆ ಚೆನ್ನಾಗಿಯೇ ಆಯಿತು.

ಹೆಣ್ಣಿನ ತಂದೆಯ ಮುಂದೆ ನಾನು ಹೂಡಿದ್ದ ವಾದವನ್ನೇ ಅವರು ಎತ್ತಿಕೊಂಡು ನನ್ನನ್ನು ಉಳಿಸಿದ್ದರು. ಅವರ ಸಾಮಾನು, ಅವರ ಅಂಗಡಿ, ಅವರ ಸರ್ಟಿಫಿಕೇಟು ಎಲ್ಲ ಆ ನೆನಪೊಂದೇ. ಅದನ್ನೇ ಮೈಕಿನಲ್ಲಿ ಸುಟ್ಟರು.

ವಾರದ ನಂತರ ಡಿಪ್ಲೊಮಾದ ಕಾಗದ ಹಿಡಿದು ಸಹಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯನ್ನು ಅಂಶ ಒಂದು, ಅಂಶ ಎರಡು ಎಂದು ಜೋಡಿಸಿಕೊಂಡಿದ್ದೆ. ನೋಡಿ, ಕ್ಷಮೆಗೂ ನನಗೆ ಅಂಶಗಳು ಬೇಕಿದ್ದವು. ಬಾಯಿ ತೆಗೆಯುವ ಮೊದಲೇ ಅವರು ಹಣೆಯ ಮೇಲಿನ ಕನ್ನಡಕ ಇಳಿಸಿ, "ಇಲ್ಲೇನ ಬರೀಬೇಕು ವಕೀಲ್ರ?" ಎಂದು ಒಂದು ಖಾಲಿ ಚೌಕ ತೋರಿಸಿದರು. "ನಿಮಗನಿಸಿದ್ದು ಬರೀರಿ" ಎಂದೆ. ಬಹಳ ಹೊತ್ತು ತೆಗೆದುಕೊಂಡು ಬರೆದರು: 'ಛಲೋ ಹುಡಿಗಿ. ಮಾತಾಡಾಕ ಛಲೋ ಬರತೈತಿ.' ಇದು ಚುಚ್ಚುಮಾತೆಂದು ನಂಬಲು ನಾನು ಎಷ್ಟೋ ಸಲ ಯತ್ನಿಸಿದ್ದೇನೆ. ಚುಚ್ಚುಮಾತಾಗಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಆದರೆ ಕಾಕಾ ಚುಚ್ಚುವವರಲ್ಲ. ಅಂಶ ಒಂದು, ಅಂಶ ಎರಡು ಬ್ಯಾಗಿನಲ್ಲೇ ಉಳಿದವು.

ಮುಂದಿನ ಸೀಸನ್ನಿಗೆ ಅವರನ್ನು ಕರೆಯುವವರು ಕಡಿಮೆಯಾದರು. "ಮುದುಕಗ ಮರವು ಬಂದೈತಂತ." ಅದರ ಮುಂದಿನ ಸೀಸನ್ನಿಗೆ ಬಹುತೇಕ ಯಾರೂ ಇಲ್ಲ. ಆ ಮನೆಗಳೇ ನನ್ನನ್ನು ಕರೆದವು. ಕಾಕಾನ ಕೈಕೆಳಗೆ ಕಲಿತವಳು, ಮೇಲೆ ಡಿಪ್ಲೊಮಾ ಬೇರೆ. ನಾನು ಹೋದೆ. ಹೋಗದಿದ್ದರೆ ಇನ್ನಾರೋ ಹೋಗುತ್ತಿದ್ದರು ಎಂಬ ವಾದ ನನ್ನ ಬಳಿ ಸಿದ್ಧವಿತ್ತು. ಅದು ಒಳ್ಳೆಯ ವಾದವೇ. ಅದಕ್ಕೇ ಅದು ಇಷ್ಟು ಹೊಲಸಾಗಿ ಕಾಣುತ್ತದೆ. ಮೂಡಲಗಿಯ ಒಂದು ಮದುವೆಗೆ ಅವರು ಬರೀ ಊಟಕ್ಕೆ ಕರೆದವರಲ್ಲೊಬ್ಬರಾಗಿ ಬಂದಿದ್ದರು. ನಾನು ವೇದಿಕೆಯ ಮೇಲೆ ಓಡಾಡುತ್ತಿದ್ದೆ. ಹೊರಗೆ ನೋಡಿದರೆ ಕಾಕಾ ಚಪ್ಪಲಿಯ ಜಾಗದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಯಾರೂ ಹೇಳಿರಲಿಲ್ಲ. ಸಿಟ್ಟಾಗಿ ಹೊರಡುವವರನ್ನು ನನ್ನ ಪರವಾಗಿ ಕಾಯುತ್ತಿದ್ದರು. ದೂರದಿಂದ ಕೈಯೆತ್ತಿ, ಎಲ್ಲ ಬರೋಬ್ಬರಿ ಐತಿ ಎಂದು ಬೆರಳು ಆಡಿಸಿದರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋದೆ. ಎಲ್ಲ ಮುಗಿದು ಜನ ಬೋರಿನ ನೀರಿಗೆ ಕಾಲು ತೊಳೆಯುತ್ತಿದ್ದಾಗ ಬಾಜೂದಲ್ಲಿ ಹಿಡಕಲ್ಲಿನ ಮಾವ ಇದ್ದರು. ನನಗೆ ತಡೆಯಲಾಗಲಿಲ್ಲ.

"ಮಾಮಾ, ಅವತ್ತ ನಿಮ್ಮ ಹೆಸರ ಬಿಟ್ಟಾಕಿ ನಾನ್ರಿ. ಕಾಕಾ ಅಲ್ಲ."

ಅವರು ಕಾಲು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ."

"ಯಾವಾಗ ಗೊತ್ತಾತ್ರಿ?"

"ಬಸ್ಸಿನ್ಯಾಗನ. ನಲವತ್ತ ವರ್ಷದಾಗ ಅಂವ ಒಂದ ಹೆಸರ ಮರತಿಲ್ಲ, ನಂದ ಮರೀತಾನನು? ಲಿಸ್ಟ ನಿನ್ನ ಕೈಯಾಗಿತ್ತಲ್ಲವಾ."

"ಮತ್ತ ಮೈಕಿನ್ಯಾಗ ಹೇಳಂತ ಯಾಕಂದ್ರಿ?"

ಅವರು ತಂಬಿಗೆ ಕೆಳಗಿಟ್ಟರು. "ನಿನ್ನ ಸಲುವಾಗಿ ಅಂದಿದ್ದೆ ಯವ್ವಾ. ಅಷ್ಟ ಮಾತಾಡಾಕಿ, ಮುದುಕನ ಮಾನಾ ಹೋಗೂದು ನೋಡಿ ಎದ್ದ ನಿಂದ್ರತಾಳಂತ ತಿಳದಿದ್ದೆ. ಅಂವನೂ ನಿನ್ನ ಕಡೇನ ನೋಡಾಕತ್ತಿದ್ದ."

"ಕಾಕಾ ನನಗ ಕುಂದ್ರಂತ ಕೈ ಮಾಡಿದ್ರು."

"ಮಾಡ್ತಾನ. ಅಂವ ದೊಡ್ಡಾಂವ, ಅಂವ ಮಾಡಾಂವನ. ನೀ ಕುಂತೆಲ್ಲ?"



ಈಗಿನದು ನನ್ನ ಮೂರನೆಯ ಬ್ಯಾಚು. ಮೊದಲ ದಿನ ಅದೇ ಪ್ರಶ್ನೆ ಬಂತು. ನಾಲ್ಕು ದಾರಿ ಬರೆದೆ. ಬೋರ್ಡ್ ಒರೆಸಲಿಲ್ಲ. ಕೆಳಗೆ ಐದು ಎಂದು ಹಾಕಿ, ಚಪ್ಪಲಿಯ ಜಾಗದಿಂದ ಶುರುಮಾಡಿ ಬಸ್ಸಿನವರೆಗೆ, ಮೈಕಿನವರೆಗೆ ಎಲ್ಲ ಹೇಳಿದೆ. ಪಟ್ಟಿ ಯಾರದ್ದೆಂದೂ ಹೇಳಿದೆ. ಕಾಕಾ ಹೆಸರು ಮರೆತರೆಂಬ ಸುದ್ದಿ ಕೇಳಿದ್ದ ಮಕ್ಕಳು ಇಬ್ಬರಿದ್ದರು, ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ನಾಗನೂರಿನ ಹುಡುಗಿಯೊಬ್ಬಳು ಎದ್ದು ನಿಂತಳು. ಬೆಳಗಿನಿಂದಲೂ ಎಲ್ಲದಕ್ಕೂ ಎದುರು ಮಾತಾಡುತ್ತಿದ್ದವಳು, ನೋಡಿದರೆ ನನಗೆ ನನ್ನನ್ನೇ ಕಂಡಂತಾಗುವವಳು.

"ಮೇಡಂ, ಅದೆಲ್ಲಾ ಆತ್ರಿ. ನೀವ್ಯಾಕ ಏಳಲಿಲ್ಲ?"

ಉತ್ತರಕ್ಕೆ ಬಾಯಿ ತೆಗೆದೆ. ಕೆಳಗೆ ನೋಡಿದರೆ ನನ್ನ ಎಡಗೈ ಮೇಜಿನ ಮೇಲಿಂದ ತಾನಾಗಿ ಎದ್ದಿತ್ತು. ಅಂಗೈ ಅಡ್ಡವಾಗಿ, ಗಾಳಿಯನ್ನು ಒತ್ತುತ್ತಾ, ಮೆಲ್ಲಗೆ ಕೆಳಗಿಳಿಯುತ್ತಿತ್ತು.

ಅವಳು ಕೂರಲಿಲ್ಲ.